ಒಂದು ಕಾಲಾಳು ಕಡಿಮೆ, ಆದರೂ ಡ್ರಾ

ತುಮಕೂರಿನ ನಮ್ಮ ಚೆಸ್ ಕ್ಲಬ್‌ನಲ್ಲಿ ಎಲ್ಲರಿಗೂ ಓಪನಿಂಗ್ ಮೇಲೆ ಪ್ರೀತಿ. ಆನೆಗಳ ಎಂಡ್‌ಗೇಮ್ (ಕಾಯಿಗಳು ಕಡಿಮೆಯಾದ ಕೊನೆಯ ಹಂತ) ಕಲಿಯೋಣ ಅಂದರೆ ಯಾರೂ ಬರುವುದಿಲ್ಲ. ಆದರೆ ಹವ್ಯಾಸಿಗಳ ಆಟ ಜಾಸ್ತಿ ಬಂದು ನಿಲ್ಲುವುದು ಅಲ್ಲೇ ಅಲ್ವಾ?

ಬೆಂಗಳೂರಿನ ವಾರಾಂತ್ಯದ ಟೂರ್ನಿಯೊಂದರಲ್ಲಿ ನನಗೆ ಮೈಸೂರಿನ ಹಿರಿಯ ಆಟಗಾರರೊಬ್ಬರು ಎದುರಾದರು. ತಲಾ 90 ನಿಮಿಷ, ಪ್ರತಿ ನಡೆಗೆ 30 ಸೆಕೆಂಡ್ ಸೇರ್ಪಡೆ. ನನ್ನದು ಕಪ್ಪು, ಕಾರೋ-ಕಾನ್ ಅನ್ನುವ ಓಪನಿಂಗ್ ಆಡಿದೆ. ಅವರು ಮೂರನೇ ನಡೆಗೇ ಕಾಲಾಳನ್ನು ಇ5ಕ್ಕೆ (ಅಕ್ಷರ ಕಂಬಸಾಲು, ಅಂಕಿ ಅಡ್ಡಸಾಲು) ತಳ್ಳಿದರು. ಮುಂದೆ ಕುದುರೆಯನ್ನು ಬಲು ಚೆನ್ನಾಗಿ ಆಡಿಸಿ ನನ್ನದೊಂದು ಕಾಲಾಳು ಹೊಡೆದರು. ಅಲ್ಲಿಂದ ನನ್ನ ಗುರಿ ಒಂದೇ: ಉಳಿದ ಕಾಲಾಳುಗಳನ್ನು ಆದಷ್ಟೂ ಬದಲಾಯಿಸಿಕೊಂಡು ಖಾಲಿ ಮಾಡುವುದು.

ಕೊನೆಗೆ ಅವರ ರಾಜ ಡಿ5ರಲ್ಲಿ, ಆನೆ ಎಚ್7ರಲ್ಲಿ, ಜೊತೆಗೆ ಇ5ರ ಅದೇ ಕಾಲಾಳು. ನನ್ನ ರಾಜ ಇ8ರಲ್ಲಿ, ಆನೆ ಎ6ರಲ್ಲಿ. 1777ರಲ್ಲೇ ಫ್ರಾನ್ಸಿನ ಚೆಸ್ ಆಟಗಾರ ಫಿಲಿಡೋರ್ ವಿವರಿಸಿದ ರಕ್ಷಣೆ ಇದು. ಇದನ್ನು ನಾನು ರಾತ್ರಿ ಹೊತ್ತು ಕಂಪ್ಯೂಟರ್ ಎದುರು ಆಡಿ ಆಡಿ ಕೈಗೆ ರೂಢಿ ಮಾಡಿಕೊಂಡಿದ್ದೆ.

ಆನೆ ಆರನೇ ಸಾಲಿನಲ್ಲಿ ಇರುವವರೆಗೂ ಅವರ ರಾಜ ಆ ಸಾಲಿಗೆ ಕಾಲಿಡುವಂತಿಲ್ಲ. ಹಾಗಾಗಿ ನಾನು ಸುಮ್ನೆ ಎ6, ಬಿ6, ಮತ್ತೆ ಎ6 ಅಂತ ಆಡುತ್ತಾ ಕಾದೆ. ಅವರೂ ಆನೆಯನ್ನು ಅತ್ತಿತ್ತ ಆಡಿಸಿ ನೋಡಿದರು. ಬಹಳ ಹೊತ್ತು ಯೋಚಿಸಿ ಕಾಲಾಳನ್ನು ಇ6ಕ್ಕೆ ತಳ್ಳಿದರು. ನಾನು ಕಾಯುತ್ತಿದ್ದದ್ದು ಇದಕ್ಕೇ. ಆ ಕೂಡಲೇ ಆನೆಯನ್ನು ಎ1ಕ್ಕೆ ಇಳಿಸಿದೆ.

ಇಷ್ಟು ಹೊತ್ತು ಕಾಲಾಳಿನ ಮುಂದಿನ ಇ6 ಅವರ ರಾಜನಿಗೆ ನನ್ನ ಚೆಕ್‌ಗಳಿಂದ ಅಡಗುವ ಜಾಗವಾಗಬಹುದಿತ್ತು. ಈಗ ಅಲ್ಲಿ ಕಾಲಾಳೇ ಕೂತಿದೆ. ರಾಜ ಡಿ6ಕ್ಕೆ ಬಂದ. ಎಚ್8ರಲ್ಲಿ ಮೇಟ್ ಬೆದರಿಕೆ. ಆದರೆ ಡಿ1ರಿಂದ ನನ್ನ ಚೆಕ್. ಇ5ಕ್ಕೆ ಸರಿದ, ಇ1ರಿಂದ ಚೆಕ್. ಎಫ್6ಕ್ಕೆ ಹೋದ, ಎಫ್1ರಿಂದ ಚೆಕ್. ಆನೆ ಅಷ್ಟು ದೂರ ಇರುವುದರಿಂದ ರಾಜ ಅದನ್ನು ಹಿಡಿಯಲಾರ. ಸ್ವಲ್ಪ ಹೊತ್ತಿಗೆ ಅವರೇ "ಡ್ರಾ?" ಅಂದರು. "ಸರಿ ಸರ್" ಅಂದೆ. ಆ ಅರ್ಧ ಪಾಯಿಂಟ್ ನನಗೆ ಎಷ್ಟೋ ಗೆಲುವಿಗಿಂತ ದೊಡ್ಡದು.

ಆಟದ ನಂತರ ಅವರು ಒಳ್ಳೆಯ ಪ್ರಶ್ನೆ ಕೇಳಿದರು: "ನಾನು ಕಾಲಾಳನ್ನು ತಳ್ಳುವ ಮೊದಲೇ ಆನೆಯನ್ನು ಡಿ6ಕ್ಕೆ ತಂದು ಬದಲಾಯಿಸಿಕೊಂಡಿದ್ದರೆ?" ಜೋಡಿಸಿ ನೋಡಿದೆವು. ಆನೆಗಳು ಹೋದ ಮೇಲೆ ಅವರ ಕಾಲಾಳು ಡಿ6ರಲ್ಲಿ, ನನ್ನ ರಾಜ ಡಿ7ಕ್ಕೆ ಬರುತ್ತಾನೆ. ಅವರ ರಾಜ ಸಿ5ಕ್ಕೆ ಸರಿದರೆ ನಾನು ನೇರ ಹಿಂದಕ್ಕೆ, ಡಿ8ಕ್ಕೇ ಹೋಗಬೇಕು. ಸಿ8 ಅಥವಾ ಇ8 ಆದರೆ ಸೋಲು. ಡಿ8 ಆದರೆ ಅದೂ ಡ್ರಾ.