ಸ್ವೆಟರ್ ಒಳಗೆ, ಹತ್ತಿ ಹೊರಗೆ: ಬೇಸಿಗೆಗೆ ಬೀರು ಸಜ್ಜುಗೊಳಿಸುವ ಬಗೆ

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೊರಟರೆ ಸ್ವೆಟರ್, ಶಾಲುಗಳನ್ನು ಮಡಚಿ ಬೀರುವಿನ ಮೇಲಿನ ಖಾನೆಗೆ ತಳ್ಳಿಬಿಡುವುದು ವಾಡಿಕೆ. ಅವು ಮತ್ತೆ ಹೊರಬರುವುದು ದೀಪಾವಳಿಯ ಹೊತ್ತಿಗೆ. ನಡುವೆ ಇಡೀ ಮಳೆಗಾಲ ದಾಟಬೇಕು. ಆ ತೇವದಲ್ಲೇ ಬೂಷ್ಟು, ನುಸಿ ಎರಡೂ ಬೆಳೆಯುತ್ತವೆ. ಆದ್ದರಿಂದ ಹತ್ತಿ ಬಟ್ಟೆ ತೆಗೆಯುವ ಮೊದಲು ಒಳಗೆ ಹೋಗುವ ಬಟ್ಟೆಯ ಕಡೆ ನೋಡಿ. ಹೆಚ್ಚಿನ ಕೆಲಸ ಇರುವುದು ಅಲ್ಲೇ.

ಎಲ್ಲವನ್ನೂ ಒಂದೇ ದಿನ ಕಟ್ಟಿಡಬೇಡಿ. ಕಲಬುರಗಿ, ರಾಯಚೂರಿನಲ್ಲಿ ಫೆಬ್ರುವರಿ ಕೊನೆಗೇ ಸೆಕೆ ಶುರುವಾದರೂ ಬೆಂಗಳೂರು, ಮೈಸೂರಿನಲ್ಲಿ ಮುಂಜಾವದ ಚಳಿ ಇನ್ನೂ ಕೆಲದಿನ ಇರುತ್ತದೆ. ಮಲೆನಾಡಿನವರಿಗಂತೂ ಜೂನ್‌ನಿಂದಲೇ ಮತ್ತೆ ಬೆಚ್ಚನೆಯದು ಬೇಕು. ತಲಾ ಒಂದು ತೆಳು ಸ್ವೆಟರ್ ಕೈಗೆ ಸಿಗುವಂತಿರಲಿ.

ಒಗೆಯದೆ ಒಳಗಿಡಬೇಡಿ

ಉಣ್ಣೆಗೆ ತೂತು ಮಾಡುವುದು ಹಾರುವ ಪತಂಗವಲ್ಲ, ಅದರ ಮರಿಹುಳು. ಬೆವರು, ಎಣ್ಣೆ, ಊಟದ ಕಲೆ ಇರುವ ಜಾಗವನ್ನೇ ಅದು ಹುಡುಕುತ್ತದೆ: ಕಾಲರ್, ಕಂಕುಳು, ತೋಳಿನ ತುದಿ. ಒಮ್ಮೆ ಮಾತ್ರ ತೊಟ್ಟ ಸ್ವೆಟರನ್ನೂ ಒಗೆದೇ ಇಡಬೇಕು.

ಬಕೆಟ್‌ಗೆ 5 ಲೀಟರ್ ತಣ್ಣೀರು ಹಾಕಿ, ಉಣ್ಣೆಗೆಂದೇ ಮಾರುವ ದ್ರವ ಸೋಪು ಎರಡು ಚಮಚ ಬೆರೆಸಿ. ಸ್ವೆಟರನ್ನು ತಿರುವು ಮುರುವು ಮಾಡಿ 10 ನಿಮಿಷ ನೆನೆಸಿ, ಅಂಗೈಯಿಂದ ಒತ್ತುತ್ತಾ ಕೊಳೆ ಬಿಡಿಸಿ. ಉಜ್ಜಬಾರದು, ಬ್ರಷ್ ಬೇಡವೇ ಬೇಡ. ಉಣ್ಣೆಯ ಎಳೆಯ ಮೈಮೇಲೆ ಮೀನಿನ ಹುರುಪೆಯಂಥ ಪದರಗಳಿವೆ. ಬಿಸಿನೀರು ಮತ್ತು ಉಜ್ಜಾಟ ಸೇರಿದರೆ ಅವು ಒಂದಕ್ಕೊಂದು ಕಚ್ಚಿಕೊಂಡು ಸ್ವೆಟರ್ ಕುಗ್ಗಿ, ದಪ್ಪಗಾಗಿಬಿಡುತ್ತದೆ. ಹಾಗಾದದ್ದನ್ನು ಮತ್ತೆ ಸರಿಮಾಡಲಾಗದು. ಕ್ಲೋರಿನ್ ಬ್ಲೀಚ್ ಅಂತೂ ಉಣ್ಣೆ, ರೇಷ್ಮೆ ಎರಡರ ಎಳೆಯನ್ನೂ ಕರಗಿಸುತ್ತದೆ.

ಎರಡು ಸಲ ಜಾಲಿಸಿದ ಮೇಲೆ ಹಿಂಡದೆ, ಒಣ ಟವೆಲ್‌ನಲ್ಲಿ ಸುರುಳಿ ಸುತ್ತಿ ಒತ್ತಿ ನೀರು ತೆಗೆಯಿರಿ. ನೆರಳಿನಲ್ಲಿ ಚಾಪೆಯ ಮೇಲೆ ಹರವಿ. ಹಗ್ಗಕ್ಕೆ ಹಾಕಿದರೆ ನೀರಿನ ಭಾರಕ್ಕೆ ತೋಳು ಜಗ್ಗಿ ಉದ್ದವಾಗುತ್ತದೆ. ಮೇಲ್ಮೈ ಒಣಗಿದರೂ ಹೊಲಿಗೆಯ ಒಳಗೆ ತೇವ ಉಳಿದಿರುತ್ತದೆ. ಇನ್ನೊಂದು ದಿನ ಬಿಟ್ಟು ಮಡಚಿ.

ಚಳ್ಳಕೆರೆ ಕಡೆಯ ಕೈಮಗ್ಗದ ಕಂಬಳಿಗೆ ಈ ಉಪಚಾರ ಬೇಡ. ನೇಯುವಾಗ ಹಾಕಿದ ಹುಣಸೆ ಬೀಜದ ಗಂಜಿ ನೀರಿಗೆ ಬಿಟ್ಟುಹೋಗಿ ಅದರ ಬಿಗಿ ಸಡಿಲವಾಗುತ್ತದೆ. ಎರಡೂ ಮಗ್ಗುಲು ಬಿಸಿಲಿಗೆ ಹಾಕಿ, ಕೋಲಿನಿಂದ ಬಡಿದು ಧೂಳು ಕೊಡವಿದರೆ ಸಾಕು.

ನುಸಿ ಗುಳಿಗೆಯೋ, ಬೇವಿನ ಸೊಪ್ಪೋ?

ನುಸಿ ಗುಳಿಗೆಯ ಆವಿ ಗಾಳಿಗಿಂತ ಭಾರ, ಕೆಳಕ್ಕಿಳಿಯುತ್ತದೆ. ಹಾಗಾಗಿ ಗುಳಿಗೆಗಳನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಬಟ್ಟೆಗಳ ಮೇಲಿಡಿ. ಬಿಗಿಯಾಗಿ ಮುಚ್ಚುವ ಟ್ರಂಕಿನಲ್ಲಿ ಮಾತ್ರ ಅದರಿಂದ ಪ್ರಯೋಜನ. ಜರಿ ಸೀರೆಯ ಜೊತೆ ಇಡಬೇಡಿ. ಕೂಸಿನ ಬಟ್ಟೆಗೆ ಖಂಡಿತ ಬೇಡ: ಜಿ6ಪಿಡಿ ಕಿಣ್ವದ ಕೊರತೆ ಇರುವ ಶಿಶುಗಳಲ್ಲಿ ಇದರಿಂದ ಕೆಂಪು ರಕ್ತಕಣ ಒಡೆದು ಕಾಮಾಲೆ ಬರಬಹುದು.

ಬೇವಿನ ಸೊಪ್ಪು ಸುರಕ್ಷಿತ. ಆದರೆ ನೆರಳಿನಲ್ಲಿ ಗರಿಗರಿಯಾಗಿ ಒಣಗಿರಬೇಕು, ಹಸಿ ಸೊಪ್ಪಿಟ್ಟರೆ ಕಲೆಯೂ ಬೂಷ್ಟೂ ಗ್ಯಾರಂಟಿ. ಬಟ್ಟೆಯಲ್ಲಿ ಆಗಲೇ ಇರುವ ಮೊಟ್ಟೆಯನ್ನು ಬೇವು ಕೊಲ್ಲುತ್ತದೆಂದು ನಂಬಿ ಕೂರಬೇಡಿ. ಅನುಮಾನ ಬಂದರೆ ಸ್ವೆಟರನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಒತ್ತಿ ತೆಗೆದು ಕಟ್ಟಿ, ಒಂದು ವಾರ ಫ್ರೀಜರ್‌ನಲ್ಲಿಡಿ. ಹೊರತೆಗೆದ ಕೂಡಲೇ ಚೀಲ ಬಿಚ್ಚಿದರೆ ಗಾಳಿಯ ತೇವ ಬಟ್ಟೆಗೆ ಕೂರುತ್ತದೆ. ತಣುಪು ಪೂರ್ತಿ ಇಳಿಯಲಿ. ಶ್ರಾವಣದಲ್ಲಿ ಬಿಸಿಲು ಬಿದ್ದ ದಿನ ಟ್ರಂಕು ತೆರೆದು ಎಲ್ಲವನ್ನೂ ಒಮ್ಮೆ ಕೊಡವಿ.

ಇನ್ನು ಹತ್ತಿಯ ಸರದಿ

ಕಳೆದ ಬೇಸಿಗೆಯ ಬಿಳಿ ಅಂಗಿಯ ಕಂಕುಳು ಹಳದಿಯಾಗಿದ್ದರೆ ಅಡುಗೆ ಸೋಡಾವನ್ನು ಸ್ವಲ್ಪ ನೀರಿನಲ್ಲಿ ಕಲಸಿ ಹಚ್ಚಿ, ಒಂದು ಗಂಟೆ ಬಿಟ್ಟು ಒಗೆಯಿರಿ. ಬೆವರಿನ ಕಲೆಗೆ ಕ್ಲೋರಿನ್ ಬ್ಲೀಚ್ ಹಾಕಿದರೆ ಹಳದಿ ಇನ್ನೂ ಗಾಢವಾಗಬಹುದು. ಕಲೆ ಹೋಗುವ ತನಕ ಇಸ್ತ್ರಿ ಹಾಕಬೇಡಿ, ಕಾವಿಗೆ ಅದು ಗಟ್ಟಿಯಾಗಿ ಕೂರುತ್ತದೆ.

ಹೊಸದು ಕೊಳ್ಳುವಾಗ ಲೇಬಲ್ ಓದಿ. ಹತ್ತಿಯ ನೂಲು ಗಾಳಿಯಿಂದ ತನ್ನ ತೂಕದ ಸುಮಾರು ಶೇ 8ರಷ್ಟು ತೇವ ಹೀರಿಟ್ಟುಕೊಳ್ಳುತ್ತದೆ, ಪಾಲಿಯೆಸ್ಟರ್ ಶೇ 1ನ್ನೂ ಮುಟ್ಟುವುದಿಲ್ಲ. ಮಾಮೂಲಿ ಪಾಲಿಯೆಸ್ಟರ್ ಅಂಗಿ ಸೆಕೆಗೆ ಮೈಗಂಟುವುದು ಇದಕ್ಕೇ. ಖಾದಿಯನ್ನು ದರ್ಜಿಗೆ ಕೊಡುವ ಮೊದಲು ರಾತ್ರಿಯಿಡೀ ನೀರಿನಲ್ಲಿ ನೆನೆಸಿ ಒಣಗಿಸಿ, ಕುಗ್ಗುವುದಿದ್ದರೆ ಹೊಲಿಯುವ ಮುಂಚೆಯೇ ಕುಗ್ಗಲಿ.

ಹತ್ತಿ ಸೀರೆಗೆ ಗಂಜಿ ತೆಳುವಾಗಿರಬೇಕು; ದಪ್ಪಗಾದರೆ ನೂಲಿನ ಸಂದು ಮುಚ್ಚಿ ಗಾಳಿಯಾಡುವುದಿಲ್ಲ. ಒಂದು ಸೀರೆಗೆ ಎರಡು ದೊಡ್ಡ ಚಮಚ ಸಬ್ಬಕ್ಕಿ ನೆನೆಸಿ, ಒಂದು ಲೀಟರ್ ನೀರಿನಲ್ಲಿ ಕಾಳು ಪಾರದರ್ಶಕವಾಗುವ ತನಕ ಬೇಯಿಸಿ ಸೋಸಿ. ಇನ್ನೂ 3 ಲೀಟರ್ ನೀರು ಬೆರೆಸಿ ಸೀರೆ ಅದ್ದಿ. ಸೋಸದಿದ್ದರೆ ಗಂಟು ಬಟ್ಟೆಗಂಟಿ ಇಸ್ತ್ರಿಯಲ್ಲಿ ಕಂದುತ್ತದೆ. ಒಣಗಿದ ಮೇಲೆ ನೀರು ಚಿಮುಕಿಸಿ, ಅರ್ಧ ಗಂಟೆ ಸುತ್ತಿಟ್ಟು ಇಸ್ತ್ರಿ ಮಾಡಿ. ಗಂಜಿ ಇರುವ ಸೀರೆಯನ್ನು ತಿಂಗಳುಗಟ್ಟಲೆ ಹಾಗೇ ಮಡಚಿಡಬೇಡಿ. ಸಿಲ್ವರ್‌ಫಿಶ್ ಹುಳುವಿಗೆ ಪಿಷ್ಟವೇ ಆಹಾರ, ಮೊದಲು ಕತ್ತರಿಸುವುದು ಮಡಿಕೆಯ ಅಂಚನ್ನು.