ಹುಬ್ಬಳ್ಳಿಗೆ ಬರುವ ನಂಗು ಮೀನು: ನೀಲಿ ಚೀಟಿ ಒಂದು ಕಡೆ, ಅಳತೆ ಹಲಗೆ ಇನ್ನೊಂದು ಕಡೆ

ಹೋಟೆಲ್‌ಗಳಿಗೆ ಮೀನು ಕೊಡುವ ನಮ್ಮ ಕೆಲಸದಲ್ಲಿ ಎರಡು ಜಾತಿಯ ಚಪ್ಪಟೆ ಮೀನು ಕೈಗೆ ಬರುತ್ತವೆ. ಕಾರವಾರ, ಅಂಕೋಲಾ ಕಡೆಯಿಂದ ಅರಬೈಲ್ ಘಾಟಿ ಹತ್ತಿ, ಯಲ್ಲಾಪುರ ದಾಟಿ ಐಸ್ ಡಬ್ಬಿಯಲ್ಲಿ ಬರುವುದು ತಾಜಾ ನಂಗು. ಹೊರದೇಶದಿಂದ ಫ್ರೋಜನ್ ಆಗಿ ಬರುವುದು ಸೋಲ್ ಫಿಲೆ, ಅಂದರೆ ಮುಳ್ಳು ತೆಗೆದ ಮಾಂಸದ ಹೋಳು. ಅದರ ಡಬ್ಬಿಯ ಮೇಲೆ ಎಂಎಸ್‌ಸಿ ಸಂಸ್ಥೆಯ ನೀಲಿ ಚೀಟಿ ಇರುತ್ತದೆ: ಮೀನಿನ ಸಂತತಿ, ಸಮುದ್ರ ಕೆಡದ ಹಾಗೆ ಹಿಡಿದದ್ದು ಎಂಬ ಪ್ರಮಾಣ ಅದು. "ನೀಲಿ ಚೀಟಿ ಇದ್ದದ್ದ ಕೊಡ್ರಿ" ಎಂದು ಹೋಟೆಲಿನವರು ಕೇಳಲು ಶುರು ಮಾಡಿದ ಮೇಲೆ ನಾವು ಎರಡಕ್ಕೂ ಬೇರೆ ಬೇರೆ ರಿಜಿಸ್ಟರ್ ಇಟ್ಟೆವು. ಒಂದರ ನಿಯಮ ಇನ್ನೊಂದಕ್ಕೆ ಹೊಂದುವುದಿಲ್ಲ.

ಮೊದಲು ಚೀಟಿಯ ಮೀನು. ಅಲಾಸ್ಕಾದ ಯೆಲ್ಲೋಫಿನ್ ಸೋಲ್ ಮುಂತಾದ ಚಪ್ಪಟೆ ಮೀನುಗಾರಿಕೆಗೆ ಈ ಪ್ರಮಾಣಪತ್ರ 2010ರಲ್ಲಿ ಸಿಕ್ಕಿತು. ಮೀನಿನ ಸಂತತಿ ಎಷ್ಟಿದೆ, ಬಲೆ ಸಮುದ್ರದ ತಳಕ್ಕೂ ಬೇರೆ ಜೀವಿಗಳಿಗೂ ಎಷ್ಟು ಹಾನಿ ಮಾಡುತ್ತದೆ, ಆಡಳಿತ ಹೇಗಿದೆ ಎಂಬ ಮೂರು ತತ್ವಗಳ ಕೆಳಗೆ ಒಂದೊಂದು ಅಂಶಕ್ಕೂ ಅಂಕ ಹಾಕುತ್ತಾರೆ. ಯಾವುದೇ ಅಂಶ 60ಕ್ಕಿಂತ ಕೆಳಗಿಳಿದರೆ ಫೇಲು. ಪ್ರತಿ ತತ್ವದ ಸರಾಸರಿ 80 ಮುಟ್ಟಲೇಬೇಕು. 60ರಿಂದ 80ರೊಳಗೆ ನಿಂತ ಅಂಶಕ್ಕೆ "ಇಷ್ಟರೊಳಗೆ ಸುಧಾರಿಸಿ" ಎಂಬ ಷರತ್ತು ಬೀಳುತ್ತದೆ. ಪತ್ರದ ಅವಧಿ 5 ವರ್ಷ, ನಡುವೆ ವರ್ಷಕ್ಕೊಮ್ಮೆ ತಪಾಸಣೆ. ಅಲ್ಲಿನ ಬೋಟುಗಳಲ್ಲಿ ವೀಕ್ಷಕರು ಇರುತ್ತಾರೆ. ಜೊತೆಗೆ ಸಿಗುವ ಹಾಲಿಬಟ್ ಎಂಬ ದೊಡ್ಡ ಚಪ್ಪಟೆ ಮೀನಿಗೆ ಮಿತಿ ಇದೆ. ಮಿತಿ ಮುಟ್ಟಿದರೆ ಸೋಲ್ ಎಷ್ಟೇ ಉಳಿದಿದ್ದರೂ ಬಲೆ ಎತ್ತಬೇಕು. ತಳಕ್ಕೆ ಉಜ್ಜುವ ಹಗ್ಗಗಳಿಗೆ ಅಲ್ಲಲ್ಲಿ ಬಿಲ್ಲೆ ಪೋಣಿಸಿ ಸ್ವಲ್ಪ ಮೇಲಕ್ಕೆ ಎತ್ತಿಡುವುದು 2011ರಿಂದ ಬೇರಿಂಗ್ ಸಮುದ್ರದಲ್ಲಿ ಕಡ್ಡಾಯ.

ಇಷ್ಟೆಲ್ಲ ನಡೆಯುವುದು ಸಮುದ್ರದಲ್ಲಿ. ಹುಬ್ಬಳ್ಳಿಯಲ್ಲಿ ಕೆಡುವುದು ಬಿಲ್ಲಿನಲ್ಲಿ. ಹಿಡಿದ ಮೀನು ಎಷ್ಟೋ ಸಲ ಚೀನಾಕ್ಕೆ ಹೋಗಿ, ಕರಗಿ, ಫಿಲೆಯಾಗಿ, ಮತ್ತೆ ಫ್ರೋಜನ್ ಆಗಿ ಬರುತ್ತದೆ. ಈ ದಾರಿಯಲ್ಲಿ ಮಾಲಿನ ಮಾಲೀಕರಾದ ಪ್ರತಿಯೊಬ್ಬರ ಹತ್ತಿರವೂ ಸರಪಳಿಯ ಪ್ರಮಾಣಪತ್ರ, ಅಂದರೆ ಚೀಟಿಯ ಮಾಲು ಬೇರೆ ಮಾಲಿನ ಜೊತೆ ಬೆರೆತಿಲ್ಲ ಎಂಬುದಕ್ಕೆ ಪತ್ರ, ಇರಬೇಕು. ಅದರ ನಂಬರು "ಎಂಎಸ್‌ಸಿ-ಸಿ" ಎಂದು ಶುರುವಾಗಿ ಐದು ಅಂಕಿ ಇರುತ್ತದೆ. ಪೂರೈಕೆದಾರ ತೋರಿಸುವ ಫ್ರೇಮು ಹಾಕಿದ ಪತ್ರ ಸಾಲದು. ನಮಗೆ ಬಂದ ಬಿಲ್ಲಿನಲ್ಲಿ, ಆ ಮಾಲಿನ ಸಾಲಿನ ಎದುರಿಗೇ, ಇದು ಪ್ರಮಾಣೀಕೃತ ಎಂದು ಬರೆದಿರಬೇಕು. ನಂಬರನ್ನು ಸಂಸ್ಥೆಯ ವೆಬ್‌ಸೈಟಿನಲ್ಲಿ ಹಾಕಿ, ಖರೀದಿಯ ದಿನ ಪತ್ರ ಚಾಲ್ತಿಯಲ್ಲಿತ್ತೇ, ಅದರ ವ್ಯಾಪ್ತಿಯಲ್ಲಿ ಈ ಜಾತಿಯ ಮೀನು ಇದೆಯೇ ಎಂದು ನೋಡಿಕೊಳ್ಳುತ್ತೇವೆ.

ಗಿರಾಕಿಗೆಂದೇ ಸೀಲ್ ಮಾಡಿದ ಪ್ಯಾಕನ್ನು ಹಾಗೇ ಮಾರುವವರಿಗೆ ಸ್ವಂತ ಪತ್ರ ಬೇಡ. ಸೀಲ್ ಒಡೆದು ತೂಗಿ ಕೊಟ್ಟರೆ, ಅಥವಾ ಹೋಟೆಲು ಮೆನುವಿನಲ್ಲಿ ಆ ಗುರುತು ಹಾಕಿದರೆ, ಬೇಕು. ಆದ್ದರಿಂದ ನಾವು ಸೀಲ್ ಒಡೆಯುವುದಿಲ್ಲ.

ಒಡೆಯುವವರು ಲೆಕ್ಕ ತಪ್ಪುವುದು ಐಸ್ ಪದರಿನಲ್ಲಿ, ಅಂದರೆ ಗ್ಲೇಜಿನಲ್ಲಿ. ಒಟ್ಟು ತೂಕ 1 ಕಿಲೋದ 10 ಪ್ಯಾಕು, ಗ್ಲೇಜ್ 20 ಪರ್ಸೆಂಟ್ ಎಂದಿಟ್ಟುಕೊಳ್ಳಿ. ಮೀನು ಇರುವುದು 8 ಕಿಲೋ. ತಟ್ಟೆಗೆ 160 ಗ್ರಾಂ ಹಿಡಿದರೆ 50 ತಟ್ಟೆ. ರಿಜಿಸ್ಟರ್‌ನಲ್ಲಿ 10 ಕಿಲೋ ಬರೆದು 62 ತಟ್ಟೆ ಮಾರಿದ್ದೇವೆ ಎಂದು ತೋರಿಸಿದರೆ, ಆಡಿಟರ್ ಮೊದಲು ಕೇಳುವುದೇ ಆ 12 ತಟ್ಟೆ ಎಲ್ಲಿಂದ ಬಂದವು ಎಂದು. ನಿಜ ತೂಕ ಬೇಕಿದ್ದರೆ ಫಿಲೆಯನ್ನು ತಣ್ಣೀರಿನಲ್ಲಿ ಮೇಲಿನ ಐಸ್ ಹೋಗುವವರೆಗಷ್ಟೇ ಅದ್ದಿ, ಜರಡಿಯ ಮೇಲೆ ಸೋರಿಸಿ, ಒರೆಸಿ ಕಾಟಾಕ್ಕೆ ಇಡಬೇಕು. ಹೆಚ್ಚು ಹೊತ್ತು ಬಿಟ್ಟರೆ ಮಾಂಸ ಕರಗಿ ತೂಕ ಮತ್ತೆ ಸುಳ್ಳಾಗುತ್ತದೆ.

ಈಗ ನಂಗು. ಇದಕ್ಕೆ ಅಂಥ ಚೀಟಿ ಇಲ್ಲ. ಭಾರತದಲ್ಲಿ ಆ ಪತ್ರ ಮೊದಲು ಸಿಕ್ಕಿದ್ದು 2014ರಲ್ಲಿ, ಕೇರಳದ ಅಷ್ಟಮುಡಿ ಹಿನ್ನೀರಿನ ಚಿಪ್ಪು ಮೀನಿಗೆ. ಒಂದೇ ಜಾಗ, ಒಂದೇ ಜಾತಿ, ಕೈಯಿಂದ ಹಿಡಿಯುವವರು. ಲೆಕ್ಕ ಇಡಲು ಬಂತು. ನಂಗು ಹಾಗಲ್ಲ. ಸಿಗಡಿಗೆಂದು ಬೋಟಿನ ಹಿಂದೆ ಎಳೆದ ಟ್ರಾಲ್ ಬಲೆಯಲ್ಲಿ ಹತ್ತಾರು ಜಾತಿಯ ಜೊತೆ ಅದೂ ಬರುತ್ತದೆ. ಆದ್ದರಿಂದ ನಾವು ನೋಡುವುದು ಮೂರೇ: ಉದ್ದ, ತಿಂಗಳು, ಬಲೆ.

ಉದ್ದಕ್ಕೆ ಕೇರಳದ ಅಳತೆ ಹಿಡಿದಿದ್ದೇವೆ. ಅಲ್ಲಿ ಸಣ್ಣ ಜಾತಿಯ ನಂಗಿಗೆ, ಅಂದರೆ ಮಲಬಾರ್ ಸೋಲ್‌ಗೆ, ಕನಿಷ್ಠ ಉದ್ದ 9 ಸೆಂ.ಮೀ. ಆ ಕಾನೂನು ನಮ್ಮ ರಾಜ್ಯದ್ದಲ್ಲ, ಆದರೂ ಮೀನು ಅದೇ. ಹಲಗೆಯ ಒಂದು ತುದಿಗೆ ಅಡ್ಡಪಟ್ಟಿ ಹೊಡೆದು, ಮಧ್ಯೆ ಸ್ಟೀಲ್ ಪಟ್ಟಿ ಕೂಡಿಸಿದರೆ ಅಳತೆ ಹಲಗೆ ಆಯಿತು. ಮೂತಿ ಅಡ್ಡಪಟ್ಟಿಗೆ ತಾಗಬೇಕು, ಬಾಗಿದ ಮೀನನ್ನು ಬೆರಳಿನಿಂದ ನೇರ ಮಾಡಬೇಕು, ಬಾಲದ ತುದಿ ಎಲ್ಲಿ ಮುಗಿಯುತ್ತದೋ ಅದರ ಕೆಳಗಿನ ಅರ್ಧ ಸೆಂಟಿಮೀಟರ್ ಬರೆಯಬೇಕು. 9.4 ಇದ್ದರೆ 9. ಮೇಲಕ್ಕೆ ಏರಿಸಿ ಬರೆದರೆ ಸಣ್ಣ ಮೀನೆಲ್ಲ ಪಾಸಾಗುತ್ತವೆ.

ಯಾವ ಮೀನನ್ನು ಅಳೆಯುತ್ತೀರಿ ಎಂಬುದು ಹೇಗೆ ಅಳೆಯುತ್ತೀರಿ ಎಂಬುದಕ್ಕಿಂತ ದೊಡ್ಡದು. ಕ್ರೇಟಿನ ಮೇಲುಪದರಿನಲ್ಲಿ ದೊಡ್ಡ ಮೀನು ಜೋಡಿಸಿರುತ್ತಾರೆ, ಅದು ಎಲ್ಲ ಪೇಟೆಯ ರೂಢಿ. ಪೂರ್ತಿ ಕ್ರೇಟನ್ನು ತಾಡಪತ್ರಿಯ ಮೇಲೆ ಸುರಿದು, ರಾಶಿಯನ್ನು ನಾಲ್ಕು ಭಾಗ ಮಾಡಿ, ಒಂದು ಭಾಗದಿಂದ ಆರಿಸದೆ 50 ಮೀನು ತೆಗೆಯುತ್ತೇವೆ. ಐದಕ್ಕಿಂತ ಹೆಚ್ಚು 9ರ ಕೆಳಗೆ ಬಂದರೆ ರಿಜಿಸ್ಟರ್‌ನಲ್ಲಿ ಕೆಂಪು ಗೆರೆ. ತೆಳ್ಳಗಿನ ಮೀನನ್ನು ಟ್ಯೂಬ್‌ಲೈಟಿಗೆ ಹಿಡಿದರೆ ಹೊಟ್ಟೆಯಿಂದ ಬಾಲದ ಕಡೆಗೆ ಚಾಚಿದ ಮೊಟ್ಟೆಯ ಚೀಲ ಕಾಣುತ್ತದೆ. ಎಷ್ಟರಲ್ಲಿ ತುಂಬಿದ ಚೀಲ ಇದೆ ಎಂದೂ ಪಕ್ಕದಲ್ಲಿ ಬರೆಯುತ್ತೇವೆ.

ಕೆಂಪು ಗೆರೆ ಬಿದ್ದ ಮಾಲನ್ನು ವಾಪಸ್ ಕಳಿಸುವುದರಿಂದ ಸಮುದ್ರಕ್ಕೆ ಏನೂ ಲಾಭ ಇಲ್ಲ. ಮೀನು ಸತ್ತಾಗಿದೆ. ಪಕ್ಕದ ಅಂಗಡಿಯವರು ಕೊಳ್ಳುತ್ತಾರೆ, ಇಲ್ಲದಿದ್ದರೆ ಫಿಶ್‌ಮೀಲ್ ಫ್ಯಾಕ್ಟರಿ ಇದ್ದೇ ಇದೆ. ರೇಟು ಇಳಿಸಿ ಕೊಂಡರೆ ಸಣ್ಣ ಮೀನಿಗೂ ಒಂದು ಪೇಟೆ ಹುಟ್ಟುತ್ತದೆ. ನಾವು ಮುಂಗಡವಾಗಿಯೇ ದಲಾಲಿಯವರ ಜೊತೆ ಎರಡು ರೇಟು ಮಾತಾಡಿಕೊಂಡಿದ್ದೇವೆ: 12 ಸೆಂ.ಮೀ. ಮೇಲಿನದಕ್ಕೆ ಒಂದು, 9ರಿಂದ 12ಕ್ಕೆ ಇನ್ನೊಂದು. ಅದರ ಕೆಳಗಿನ ತೂಕಕ್ಕೆ ದುಡ್ಡಿಲ್ಲ. ವಿಂಗಡಣೆ ಆಗ ಬಂದರಿನಲ್ಲೇ ನಡೆಯುತ್ತದೆ.

ತಿಂಗಳಿನ ವಿಷಯ ಸರಳ ಅನ್ನಿಸುತ್ತದೆ, ಆದರೆ ಜೂನ್ ತಿಂಗಳು ತಲೆ ತಿನ್ನುತ್ತದೆ. ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧ. ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14. ಅಂದರೆ ಜೂನ್ 15ರ ನಂತರ ಆಂಧ್ರ, ತಮಿಳುನಾಡಿನಿಂದ ಬಂದ ಟ್ರಾಲ್ ಮೀನು ಕಾನೂನುಬದ್ಧ, ಕಾರವಾರದ್ದು ಎಂದು ಹೇಳಿ ತಂದದ್ದು ಅಲ್ಲ. ಆ ಎರಡು ತಿಂಗಳು ಬಂದರಿನ ಹೆಸರಿಲ್ಲದ ಬಿಲ್ಲನ್ನು ನಾವು ತೆಗೆದುಕೊಳ್ಳುವುದಿಲ್ಲ. ಒಂದೇ ಮೀನು ಒಂದು ಬಿಲ್ಲಿನಲ್ಲಿ ನಂಗು, ಇನ್ನೊಂದರಲ್ಲಿ ಲೇಪೊ ಎಂದು ಬರುವುದರಿಂದ ರಿಜಿಸ್ಟರ್‌ನಲ್ಲಿ ಜಾತಿಗೊಂದು ಕೋಡ್ ಇಟ್ಟಿದ್ದೇವೆ.

ಬಲೆಯ ಬಗ್ಗೆ ಕೇಳಬೇಕಾದ್ದು ಬಾಲದ ಚೀಲದ, ಅಂದರೆ ಮೀನು ಬಂದು ಸೇರುವ ಬಲೆಯ ಹಿಂತುದಿಯ, ಕಣ್ಣಿನ ಅಳತೆ. ಚೌಕ ಕಣ್ಣಿನ ಬಲೆ ಹಾಕಿದರೆ ಎಲ್ಲ ಮರಿಗಳೂ ಪಾರಾಗುತ್ತವೆ ಎಂಬ ಮಾತಿದೆ. ದುಂಡು ಮೈಯ ಮೀನಿಗೆ ಅದು ಸರಿ. ಚಪ್ಪಟೆ ಮೀನು ಅಡ್ಡಲಾಗಿ ನುಸುಳುವುದರಿಂದ ವಜ್ರಾಕಾರದ ಕಣ್ಣೇ ಅದಕ್ಕೆ ಅನುಕೂಲ, ಚೌಕದಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಹಾಗಾಗಿ ಚೌಕ ಕಣ್ಣು ಎಂದು ಹೇಳಿದರೂ ನಾವು ಅಳತೆ ಹಲಗೆ ಬಿಡುವುದಿಲ್ಲ.

ಮೆನುವಿಗೆ ನಾವು ಬರೆದುಕೊಡುವುದು "ಕಾರವಾರದ ನಂಗು, ಟ್ರಾಲ್ ಬಲೆ, ಅಕ್ಟೋಬರ್" ಎಂದು ಇಷ್ಟೇ. ಅದರ ಪಕ್ಕ ಸುಸ್ಥಿರ ಎಂಬ ಪದ ಹಾಕಬೇಡಿ ಎಂದು ಹೇಳುತ್ತೇವೆ. ಸೋಲ್ ಎಂದು ಬಾಸಾ (ಸಾಕಿದ ಸಿಹಿನೀರಿನ ಮೀನು) ಬಡಿಸುವ ಅಡುಗೆಮನೆಗಳೂ ಇರುವುದರಿಂದ ಹೋಟೆಲಿನವರು ಫಿಲೆಯನ್ನೂ ಮುಟ್ಟಿ ನೋಡಬೇಕು: ಬಾಸಾ ದಪ್ಪ, ಅಗಲ, ನುಣುಪು, ಸೋಲ್ ತೆಳ್ಳಗಿದ್ದು, ನಡುಗೆರೆಯ ಎರಡೂ ಬದಿಗೆ ಓರೆ ಗೆರೆಗಳು ಒತ್ತೊತ್ತಾಗಿ ಕಾಣುತ್ತವೆ.