ಅಮ್ಮನ ಸೀರೆ, ತಾತನ ಪಂಚೆ: ಮಗುವಿಗೆ ನಾನು ಹೊಲಿದದ್ದು, ಹೆಣೆದದ್ದು

ಗರ್ಭಿಣಿಯಾಗಿ ಐದು ತಿಂಗಳು ತುಂಬಿದ ಮೇಲೆ ಒಂದು ದಿನ ಸೌತ್ ಎಂಡ್ ಸರ್ಕಲ್‌ನಲ್ಲಿ ಮೆಟ್ರೋ ಹತ್ತಿ ಚಿಕ್ಕಪೇಟೆಗೆ ಹೋದೆ. ನಾಲ್ಕೇ ಸ್ಟೇಷನ್. ರಾಜಾ ಮಾರ್ಕೆಟ್‌ನಲ್ಲಿ ದಾರ, ಲಾಡಿ, 11ನೇ ನಂಬರಿನ ಮಷಿನ್ ಸೂಜಿ ತಗೊಂಡೆ. ಪಕ್ಕದ ಗಲ್ಲಿಯಲ್ಲಿ ಮೂರು ಮೀಟರ್ ಬಿಳಿ ಮಲ್ ಬಟ್ಟೆ, ಅಂದರೆ ತೆಳ್ಳನೆಯ ಹತ್ತಿ ಬಟ್ಟೆ, ಕೊಂಡೆ. ಮಗುವಿಗೆ ಎಲ್ಲವನ್ನೂ ನಾನೇ ಹೊಲಿಯಬೇಕು ಅಂತ ಆಸೆ ಇತ್ತು. ಡಿಗ್ರಿ ಓದುವಾಗ ಎರಡು ವರ್ಷ ಟೈಲರಿಂಗ್ ಕಲಿತಿದ್ದೆ. ಅಮ್ಮ ಕೊಟ್ಟ ಉಷಾ ಮಷಿನ್ ಮನೆಯಲ್ಲಿತ್ತು.

ಆ ಸಂಜೆ ಅತ್ತೆ ಫೋನ್ ಮಾಡಿದಾಗ ಖುಷಿಯಿಂದ ಹೇಳಿದೆ. ಅವರು ಹಳಿಯಾಳದವರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹುಟ್ಟೂಕಿಂತ ಮೊದ್ಲ ಕೂಸಿಗೆ ಹೊಸ ಅರಿಬಿ ಮಾಡಬಾರ್ದವಾ. ಹಳೇದು ಇದ್ರ ಮಾಡು" ಅಂದರು. ನನಗೆ ಬೇಜಾರಾಯಿತು. ಅಮ್ಮ ನನ್ನ ಪರ ಮಾತಾಡುತ್ತಾಳೆ ಅಂದುಕೊಂಡರೆ ಅವಳೂ ಅದನ್ನೇ ಹೇಳಿದಳು. "ನಿನಗೂ ಹನ್ನೊಂದು ದಿನ ಹಳೆ ಬಟ್ಟೆಯೇ ಹಾಕಿದ್ದು. ತೊಟ್ಟಿಲಿಗೆ ಹಾಕಿದ ದಿನವೇ ಹೊಸದು."

ಮಲ್ ಬಟ್ಟೆ ಎರಡು ದಿನ ಕವರಿನಲ್ಲೇ ಇತ್ತು. ಮೂರನೇ ದಿನ ಅಮ್ಮ ತನ್ನ ಹಳೆ ಕಾಟನ್ ಸೀರೆ ನಾಲ್ಕು, ತಾತನ ಪಂಚೆ ಎರಡು ತಂದು ಮಂಚದ ಮೇಲೆ ಇಟ್ಟಳು. ತಾತ ಹೋಗಿ ಆರು ವರ್ಷ. ಪಂಚೆ ಮಡಿಕೆ ಬಿಚ್ಚಿ ಕೆನ್ನೆಗೆ ಇಟ್ಟುಕೊಂಡೆ. ಆಮೇಲೆ ಹೊಸ ಮಲ್ ಬಟ್ಟೆ ಇಟ್ಟುಕೊಂಡೆ. ಅಲ್ಲಿಗೆ ನನ್ನ ಬೇಜಾರು ಮುಗಿಯಿತು.

ಸುಮ್ನೆ ಮೆತ್ತಗಿದೆ ಅನ್ನುವ ಮಾತಲ್ಲ ಇದು. ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿದೆ, ನೀವೂ ಮಾಡಬಹುದು. ಎರಡೂ ಬಟ್ಟೆಯ ಮೇಲೆ ಚಮಚದಿಂದ ಒಂದೊಂದು ಹನಿ ನೀರು ಬಿಟ್ಟೆ. ಹೊಸ ಬಟ್ಟೆಯ ಮೇಲೆ ಹನಿ ಮುತ್ತಿನ ಹಾಗೆ ಸ್ವಲ್ಪ ಹೊತ್ತು ಕೂತಿತ್ತು. ಪಂಚೆಯ ಮೇಲೆ ಬಿದ್ದ ತಕ್ಷಣ ಹೀರಿಕೊಂಡಿತು. ಹೊಸ ಬಟ್ಟೆಯಲ್ಲಿ ಮಿಲ್‌ನವರು ಹಾಕಿದ ಗಂಜಿ, ಹೊಳಪಿನ ಪದಾರ್ಥ ಎಲ್ಲ ಇರುತ್ತದೆ. ವರ್ಷಗಟ್ಟಲೆ ಒಗೆದ ಬಟ್ಟೆಯಲ್ಲಿ ಬರೀ ಹತ್ತಿ ಉಳಿದಿರುತ್ತದೆ. ದಿನಕ್ಕೆ ಹತ್ತು ಸಲ ಒದ್ದೆ ಮಾಡುವ ಮಗುವಿಗೆ ಬೇಕಾದದ್ದು ಅದೇ ಅಲ್ವಾ?

ಆದರೆ ಹಳೇದೆಲ್ಲ ಬಳಸುವ ಹಾಗಿಲ್ಲ. ನಾಲ್ಕು ಸೀರೆಯಲ್ಲಿ ಎರಡು ಟ್ರಂಕಿನಲ್ಲಿ ಇದ್ದದ್ದು. ಬಿಚ್ಚಿದರೆ ನುಸಿಗುಳಿಗೆ ವಾಸನೆ. ಒಗೆದರೆ ಹೋಗುತ್ತದೆ ಅಂತ ಅಮ್ಮ ಅಂದಳು. ಚೆಕಪ್‌ಗೆ ಹೋದಾಗ ಡಾಕ್ಟರನ್ನು ಕೇಳಿದೆ. ಅವರು ಖಡಾಖಂಡಿತ ಬೇಡ ಅಂದರು. ನುಸಿಗುಳಿಗೆಯಲ್ಲಿ ನ್ಯಾಫ್ತಲೀನ್ ಇರುತ್ತದೆ. ಕೆಲವು ಮಕ್ಕಳಿಗೆ ಜಿ6ಪಿಡಿ ಅನ್ನುವ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರುತ್ತದೆ. ಅಂಥ ಮಗುವಿಗೆ ಈ ಬಟ್ಟೆ ಹಾಕಿದರೆ ರಕ್ತದ ಕೆಂಪುಕಣಗಳು ಒಡೆದು ಕಾಮಾಲೆ ಜೋರಾಗಬಹುದು. ಆ ಎರಡು ಸೀರೆಯನ್ನು ಪಕ್ಕಕ್ಕೆ ಇಟ್ಟೆ. ದಯವಿಟ್ಟು ಈ ಒಂದು ವಿಷಯ ಮರೆಯಬೇಡಿ. ಪ್ರೀತಿಯಿಂದ ಜೋಪಾನ ಮಾಡಿಟ್ಟ ಬಟ್ಟೆಯಲ್ಲೇ ಈ ಗುಳಿಗೆ ಇರುವುದು ಜಾಸ್ತಿ.

ಉಳಿದ ಸೀರೆ, ಪಂಚೆಗಳನ್ನು ಬಿಸಿನೀರಲ್ಲಿ ಒಗೆದು ಟೆರೇಸ್ ಮೇಲೆ ಒಳ್ಳೇ ಬಿಸಿಲಿಗೆ ಹಾಕಿದೆ. ಆಮೇಲೆ ಕಿಟಕಿಗೆ ಅಡ್ಡ ಹಿಡಿದು ನೋಡಿದೆ. ಸೀರೆ ಎಲ್ಲ ಕಡೆ ಒಂದೇ ಥರ ಸವೆಯುವುದಿಲ್ಲ. ಕೂರುವ ಜಾಗ, ಸೊಂಟದ ಸುತ್ತ, ಪಾದಕ್ಕೆ ತಾಗುವ ಅಂಚು ತೆಳ್ಳಗಾಗಿರುತ್ತದೆ. ನೆರಿಗೆಯ ಭಾಗ, ಒಳಸೆರಗು ಗಟ್ಟಿ ಇರುತ್ತದೆ. ತೆಳ್ಳಗಿದ್ದ ಕಡೆ ಚಾಕ್‌ನಲ್ಲಿ ಗುರುತು ಮಾಡಿದೆ. ಬಾರ್ಡರ್ ಪೂರ್ತಿ ಕತ್ತರಿಸಿ ತೆಗೆದೆ. ಜರಿ ಮಗುವಿನ ಚರ್ಮಕ್ಕೆ ಚುಚ್ಚುತ್ತದೆ.

ಬಾರ್ಡರ್ ಹೋದ ಮೇಲೆ ಅಗಲ 40 ಅಂಗುಲ ಉಳಿಯಿತು. ಅದರಲ್ಲಿ 20 ಅಂಗುಲದ ಚೌಕ ಎರಡು ಸಾಲು. ಐದೂವರೆ ಮೀಟರ್ ಸೀರೆಯಿಂದ ಲೆಕ್ಕದ ಪ್ರಕಾರ 20 ಚೌಕ ಬರಬೇಕು. ಸವೆದದ್ದು ಬಿಟ್ಟು 16 ಸಿಕ್ಕಿತು. ಎರಡೆರಡು ಪದರ ಸೇರಿಸಿ ಸುತ್ತ ಮಡಿಸಿ ಹೊಲಿದರೆ ಎಂಟು ಲಂಗೋಟಿ. ಎರಡನೇ ಸೀರೆಯಿಂದ ಏಳು. ಹದಿನೈದು ಸಾಕು ಅಂದುಕೊಂಡೆ. ಆ ಲೆಕ್ಕ ತಪ್ಪಾಯಿತು, ಮುಂದೆ ಹೇಳುತ್ತೇನೆ.

ತಾತನ ಪಂಚೆಯಲ್ಲಿ ಜಬಲಾ, ಅಂದರೆ ಕೂಸಿನ ಪುಟ್ಟ ಅಂಗಿ, ಮಾಡಿದೆ. ಹೊಲಿಗೆ ಗೊತ್ತಿರುವವರಿಗೆ ಇದು ಅರ್ಧ ಗಂಟೆಯ ಕೆಲಸ. ಆದರೆ ನಾನು ಕಲಿತ ಟೈಲರಿಂಗ್‌ಗಿಂತ ಮೂರು ವಿಷಯದಲ್ಲಿ ಬೇರೆ ಥರ ಮಾಡಬೇಕಾಯಿತು. ಮೊದಲನೆಯದು, ಹೊಲಿಗೆಯ ಮಾರ್ಜಿನ್ ಹೊರಗಡೆ ಬರಬೇಕು. ಒಳಗೆ ಬಂದರೆ ಕಂಕುಳಲ್ಲಿ, ಪಕ್ಕೆಯಲ್ಲಿ ಉಜ್ಜುತ್ತದೆ. ನೋಡಲು ಉಲ್ಟಾ ಹಾಕಿದ ಹಾಗೆ ಕಾಣುತ್ತದೆ, ಕಾಣಲಿ. ತಲೆಯ ಮೇಲಿಂದ ಹಾಕುವ ಹಾಗೂ ಇರಬಾರದು. ಹುಟ್ಟಿದ ಮಗುವಿನ ಕತ್ತು ನಿಂತಿರುವುದಿಲ್ಲ. ಮುಂದೆ ಒಂದರ ಮೇಲೊಂದು ಬಂದು ಪಕ್ಕದಲ್ಲಿ ಲಾಡಿ ಕಟ್ಟುವ ಹಾಗೆ ಕತ್ತರಿಸಿದೆ. ಲಾಡಿ ಗಿಡ್ಡ ಇರಲಿ, ಕತ್ತಿನ ಹತ್ತಿರವಂತೂ ಬೇಡವೇ ಬೇಡ. ಇನ್ನೊಂದು, ಗುಂಡಿ ಹಾಕಲಿಲ್ಲ. ಎಷ್ಟೇ ಗಟ್ಟಿ ಹೊಲಿದರೂ ಒಂದು ದಿನ ಕಿತ್ತು ಬರುತ್ತದೆ. ಬಂದರೆ ಬಾಯಿಗೇ ಹೋಗುತ್ತದೆ.

ತಂದಿದ್ದ ಮಲ್ ಬಟ್ಟೆ ವ್ಯರ್ಥ ಆಗಲಿಲ್ಲ. ಒಂದೊಂದು ಮೀಟರಿನ ಮೂರು ತುಂಡು ಮಾಡಿ, ರಾತ್ರಿ ನೀರಲ್ಲಿ ನೆನೆಸಿ, ಒಗೆದು ಒಣಗಿಸಿದೆ. ಹೀಗೆ ಆರು ಸಲ. ಪ್ರತಿ ತುಂಡೂ ನಾಲ್ಕೈದು ಸೆಂಟಿಮೀಟರ್ ಕುಗ್ಗಿತು. ಗಂಜಿ ಬಿಟ್ಟಿತು. ಮಗುವನ್ನು ಸುತ್ತುವ ಬಟ್ಟೆ ಅಂತ ಅಂಚು ಕೈಯಲ್ಲೇ ಮಡಿಸಿ ಹೊಲಿದೆ. ಅಷ್ಟು ಹೊತ್ತಿಗೆ ಅದೂ ಹಳೆ ಬಟ್ಟೆಯೇ ಆಗಿತ್ತು. ಅತ್ತೆಗೆ ಹಾಗೇ ಹೇಳಿದೆ, ಅವರೂ ಒಪ್ಪಿದರು.

ಸೆಪ್ಟೆಂಬರ್ 7ರಂದು ಚಂದ್ರಗ್ರಹಣ. ಆವತ್ತು ಕತ್ತರಿ, ಸೂಜಿ ಮುಟ್ಟಬೇಡ ಅಂತ ಎರಡೂ ಮನೆಯಿಂದ ಫೋನ್. ನನಗೆ ಅದರಲ್ಲಿ ನಂಬಿಕೆ ಇಲ್ಲ. ಆದರೂ ಡಬ್ಬಿ ಮುಚ್ಚಿಟ್ಟೆ. ಒಂದು ದಿನ ಹೊಲಿಯದಿದ್ದರೆ ಏನೂ ಆಗುವುದಿಲ್ಲ, ಅವರ ಮನಸ್ಸಿಗೆ ನೆಮ್ಮದಿ.

ಏಳನೇ ತಿಂಗಳಲ್ಲಿ ಸೀಮಂತ ಆಯಿತು. ಆ ಹೊತ್ತಿಗೆ ಕಾಲಲ್ಲಿ ತುಳಿಯುವ ಮಷಿನ್ ಮುಂದೆ ಕೂರಲು ಆಗುತ್ತಿರಲಿಲ್ಲ. ಹೊಟ್ಟೆ ಅಡ್ಡ ಬರುತ್ತಿತ್ತು. ಇಪ್ಪತ್ತು ನಿಮಿಷಕ್ಕೆ ಸೊಂಟ ಹಿಡಿಯುತ್ತಿತ್ತು, ಪಾದ ಊದುತ್ತಿತ್ತು. ಮಷಿನ್ ಕೆಲಸ ಆರನೇ ತಿಂಗಳೊಳಗೆ ಮುಗಿಸಿಕೊಳ್ಳಿ ಅಂತ ನಾನು ಹೇಳುವುದು ಇದಕ್ಕೇ. ಹೆಣಿಗೆ ಹಾಗಲ್ಲ. ಕಾಲು ಮೇಲೆ ಇಟ್ಟುಕೊಂಡು, ಬೆನ್ನಿಗೆ ದಿಂಬು ಕೊಟ್ಟು ಎಷ್ಟು ಹೊತ್ತಾದರೂ ಮಾಡಬಹುದು. ಮಗು ಒದ್ದಾಗ ಕಡ್ಡಿ ನಿಲ್ಲಿಸಿ ಕೈ ಇಟ್ಟು ನೋಡಬಹುದು.

ಹೆಣಿಗೆಯನ್ನು ಹೊಸದಾಗಿ ಕಲಿತೆ. ಕೆಳಗಿನ ಮನೆಯ ಆಂಟಿ ಕಲಿಸಿದರು. ಸೀದಾ ಕುಣಿಕೆ, ಉಲ್ಟಾ ಕುಣಿಕೆ ಎರಡೇ ಬಂದರೆ ಸಾಕು ಅಂದರು. ಮೊದಲ ಟೋಪಿ ಮುಗಿಯಲು ಎಂಟು ದಿನ ಹಿಡಿಯಿತು. ಮುಗಿದ ಮೇಲೆ ಅಳೆದರೆ ವರ್ಷದ ಮಗುವಿಗೆ ಆಗುವಷ್ಟಿತ್ತು. ಕೈ ಸಡಿಲ ಇದ್ದದ್ದು ನನಗೆ ಗೊತ್ತಾಗಿರಲಿಲ್ಲ. ಆಂಟಿ ಆಗ ನಾಲ್ಕು ಅಂಗುಲದ ಸ್ಯಾಂಪಲ್ ತುಂಡು ಹೆಣೆಸಿದರು. ಅದರಲ್ಲಿ ಎಷ್ಟು ಕುಣಿಕೆ ಇದೆ ಅಂತ ಎಣಿಸಿ ಲೆಕ್ಕ ಹಾಕಬೇಕು. ಹುಟ್ಟಿದ ಮಗುವಿನ ತಲೆಯ ಸುತ್ತಳತೆ ಸುಮಾರು 34, 35 ಸೆಂಟಿಮೀಟರ್. ಅಂದರೆ ಹದಿಮೂರುವರೆ ಅಂಗುಲ. ಹೆಣಿಗೆ ಹಿಗ್ಗುತ್ತದೆ, ಆದ್ದರಿಂದ ಟೋಪಿ ಹನ್ನೊಂದೂವರೆ ಅಂಗುಲ ಇದ್ದರೆ ಸರಿಯಾಗಿ ಕೂರುತ್ತದೆ. 10ನೇ ನಂಬರ್ ಕಡ್ಡಿಯಲ್ಲಿ ಬಿಗಿ ಮಾಡಿ ಹೆಣೆದಾಗ ನನಗೆ ನಾಲ್ಕು ಅಂಗುಲಕ್ಕೆ 28 ಕುಣಿಕೆ ಬಂತು. 80 ಕುಣಿಕೆ ಹಾಕಿದೆ. ಹತ್ತು ಸಾಲು ಎರಡು ಸೀದಾ ಎರಡು ಉಲ್ಟಾ, ಆಮೇಲೆ ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ. ಐದೂವರೆ ಅಂಗುಲ ಆದ ಮೇಲೆ ಕಮ್ಮಿ ಮಾಡುತ್ತಾ ಬಂದು ಕೊನೆಗೆ ದಾರ ಪೋಣಿಸಿ ಬಿಗಿದೆ. ಎರಡನೇ ಟೋಪಿ ಮೂರು ದಿನಕ್ಕೆ ಮುಗಿಯಿತು.

ನೂಲಿನ ವಿಷಯದಲ್ಲಿ ನನಗೆ ಗಟ್ಟಿ ಅಭಿಪ್ರಾಯ ಇದೆ. ಅಂಗಡಿಯಲ್ಲಿ ಮಕ್ಕಳ ಉಲ್ಲನ್ ಅಂತ ಕೊಡುವುದು ಹೆಚ್ಚಾಗಿ ಅಕ್ರಿಲಿಕ್. ಮುಟ್ಟಲು ಮೆತ್ತಗೆ, ಬಣ್ಣ ಚೆಂದ, ಒಗೆಯುವುದು ಸುಲಭ. ಆದರೆ ಗಾಳಿ ಆಡುವುದಿಲ್ಲ, ಮಗು ಬೆವರುತ್ತದೆ. ನಮ್ಮ ಬೆಂಗಳೂರಿನ ಡಿಸೆಂಬರ್ ಎಷ್ಟು ಚಳಿ ಹೇಳಿ? ಬೆಳಗಿನ ಜಾವ ಹದಿನೈದು ಹದಿನಾರು ಡಿಗ್ರಿ, ಮಧ್ಯಾಹ್ನ ಇಪ್ಪತ್ತಾರು ಇಪ್ಪತ್ತೇಳು. ಅಕ್ರಿಲಿಕ್ ಸ್ವೆಟರ್ ಒಂದು ಇದ್ದರೆ ಸಾಕು, ಅದೂ ಮುಂದೆ ಪೂರ್ತಿ ತೆರೆಯುವಂಥದ್ದು. ಮತ್ತೆ ಎರಡು ಟೋಪಿ ಹತ್ತಿ ನೂಲಿನಲ್ಲೇ ಹೆಣೆದೆ. ಹತ್ತಿ ನೂಲು ಅಷ್ಟಾಗಿ ಹಿಗ್ಗುವುದಿಲ್ಲ, ಆದ್ದರಿಂದ ಅರ್ಧ ಅಂಗುಲ ದೊಡ್ಡದು ಮಾಡಿದೆ.

ಕಾಲುಚೀಲ ಹೆಣೆಯುವವರಿಗೆ ಒಂದು ಮಾತು. ಒಳಗೆ ಎರಡು ಬಣ್ಣದ ನೂಲು ಅಡ್ಡಡ್ಡ ಎಳೆದು ಬಿಡಬೇಡಿ. ಬಿಡಿ ಎಳೆ ಮಗುವಿನ ಬೆರಳಿಗೆ ಸುತ್ತಿಕೊಂಡು ರಕ್ತ ಓಡಾಟ ನಿಲ್ಲಿಸಬಹುದು. ಮಗುವಿಗೆ ಹೇಳಲು ಬರುವುದಿಲ್ಲ, ಚೀಲ ತೆಗೆಯುವ ತನಕ ನಮಗೂ ಕಾಣುವುದಿಲ್ಲ. ನಾನು ಒಂದೇ ಬಣ್ಣದಲ್ಲಿ ಹೆಣೆದು, ಒಳಮಗ್ಗುಲು ತಿರುಗಿಸಿ ಪ್ರತಿ ತುದಿಯನ್ನೂ ಸೂಜಿಯಲ್ಲಿ ಒಳಗೆ ಸೇರಿಸಿದೆ. ಕೈಗವಸು ಹೆಣೆಯಲೇ ಇಲ್ಲ.

ಕಾರ್ತಿಕದ ಕೊನೆ ಸೋಮವಾರ ಕಡಲೆಕಾಯಿ ಪರಿಷೆ ಬಂತು. ಬುಲ್ ಟೆಂಪಲ್ ರೋಡ್ ತನಕ ನಡೆಯಲು ನನಗೆ ಆಗಲಿಲ್ಲ. ನಮ್ಮ ಮನೆಯವರು ಎರಡು ಸೇರು ಹಸಿ ಕಡಲೆಕಾಯಿ ತಂದು ಬೇಯಿಸಿದರು. ಅದೇ ದಿನ ಅತ್ತೆ ಊರಿಂದ ಬಂದರು. ಅವರ ಚೀಲದಲ್ಲಿ ಒಂದು ಪುಟ್ಟ ಕೌದಿ ಇತ್ತು, ಹಳೆ ಬಟ್ಟೆಯ ತುಂಡು ಸೇರಿಸಿ ಹೊಲಿದ ಹೊದಿಕೆ.

ಅದನ್ನು ನೋಡಿ ನಾನು ಮಾತಾಡಲಿಲ್ಲ. ನನ್ನ ಗಂಡ ಚಿಕ್ಕವರಿದ್ದಾಗಿನ ಅಂಗಿ, ಅತ್ತೆಯ ಇಳಕಲ್ ಸೀರೆ, ಮಾವನ ಧೋತರ, ಎಲ್ಲದರ ತುಂಡೂ ಅದರಲ್ಲಿತ್ತು. ಎಲ್ಲ ಕೈಹೊಲಿಗೆ. ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಸಮುದಾಯದ ಹೆಂಗಸರು ಇಂಥದ್ದನ್ನೇ ಕವಂದಿ ಅಂತ ಹೊಲಿಯುತ್ತಾರೆ. ಅಂಚಿನಿಂದ ಶುರು ಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತಾರೆ. ಅತ್ತೆ ಚಿಕ್ಕಂದಿನಲ್ಲಿ ಅದನ್ನು ನೋಡುತ್ತಾ ಬೆಳೆದವರು, ಅವರದೂ ಹಾಗೇ. ದಾರ ಎಷ್ಟು ಒತ್ತೊತ್ತಾಗಿ ಓಡಿತ್ತು ಅಂದರೆ ಬಟ್ಟೆಯ ಮೇಲೆ ನೀರಿನ ಅಲೆ ಎದ್ದ ಹಾಗಿತ್ತು. "ನೀ ಬ್ಯಾಸರಾ ಮಾಡ್ಕೊಂಡಿದ್ದಿ ಅಂತ ಗೊತ್ತಿತ್ತು ನನಗ" ಅಂದರು. ಆವತ್ತು ಫೋನ್ ಇಟ್ಟ ಮಾರನೇ ದಿನವೇ ಹೊಲಿಯಲು ಕೂತಿದ್ದರಂತೆ.

ಆ ಚೀಲದಲ್ಲೇ ಸಾಸಿವೆ ದಿಂಬೂ ಇತ್ತು. ತಲೆ ದುಂಡಗೆ ಬರಲಿ ಅಂತ ನಮ್ಮಲ್ಲಿ ಸಾಸಿವೆಯದೋ ರಾಗಿಯದೋ ದಿಂಬು ಮಾಡುತ್ತಾರೆ. ಡಾಕ್ಟರ್ ಮೊದಲೇ ಹೇಳಿದ್ದರು: ವರ್ಷ ತುಂಬುವ ತನಕ ದಿಂಬು ಬೇಡ, ಮಲಗಿದಾಗ ಮುಖದ ಹತ್ತಿರ ಮೆತ್ತನೆಯ ವಸ್ತು ಯಾವುದೂ ಬೇಡ, ಮನೆಯೊಳಗೆ ಮಲಗಿಸಿದಾಗ ಟೋಪಿಯೂ ಬೇಡ. ಅತ್ತೆಗೆ ಹೇಗೆ ಹೇಳುವುದು ಅಂತ ಎರಡು ದಿನ ಯೋಚಿಸಿದೆ. ಕೊನೆಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಕೌದಿಯನ್ನು ಮಲಗಿದ ಮಗುವಿಗೆ ಹೊದೆಸುವುದಿಲ್ಲ, ನೆಲದ ಮೇಲೆ ಹಾಸಿ ಎಚ್ಚರ ಇದ್ದಾಗ ಆಡಿಸುತ್ತೇನೆ ಅಂದೆ. ಅವರು ದಿಂಬಿನ ಹೊಲಿಗೆ ಬಿಚ್ಚಿ ಸಾಸಿವೆಯನ್ನು ಒಗ್ಗರಣೆ ಡಬ್ಬಿಗೆ ಸುರಿದರು.

ಡಿಸೆಂಬರ್ ಮಧ್ಯದಲ್ಲಿ ಮಗಳು ಹುಟ್ಟಿದಳು. ಆಸ್ಪತ್ರೆಗೆ ಹೊಲಿದದ್ದೆಲ್ಲ ತಗೊಂಡು ಹೋಗಿದ್ದೆ. ಒರೆಸಿ, ತೂಕ ನೋಡಿ, ತಾತನ ಪಂಚೆಯ ಜಬಲಾ ಹಾಕಿ ನನ್ನ ಪಕ್ಕಕ್ಕೆ ಕೊಟ್ಟರು. ತೋಳು ಉದ್ದವಾಗಿತ್ತು, ಎರಡು ಮಡಿಕೆ ಮಾಡಿದರು. ಸುತ್ತುವ ಬಟ್ಟೆಯನ್ನು ನರ್ಸ್ ಎದೆಯ ಹತ್ತಿರ ಸ್ವಲ್ಪ ಬಿಗಿ, ಕಾಲಿನ ಹತ್ತಿರ ಸಡಿಲ ಸುತ್ತುವುದನ್ನು ತೋರಿಸಿಕೊಟ್ಟರು. ಕಾಲು ಮಡಿಸಿ ಅಗಲಿಸಲು ಜಾಗ ಇರಬೇಕು, ನೆಟ್ಟಗೆ ಕಟ್ಟಿದರೆ ಸೊಂಟದ ಕೀಲಿಗೆ ತೊಂದರೆ.

ಲಂಗೋಟಿ ಲೆಕ್ಕ ತಪ್ಪಿದ್ದು ಆಗಲೇ. ಹದಿನೈದು ಒಂದು ದಿನಕ್ಕೇ ಸಾಲಲಿಲ್ಲ. ಮೋಡ ಮುಚ್ಚಿ ಎರಡು ದಿನ ಜಿಟಿಜಿಟಿ ಹಿಡಿಯಿತು. ಫ್ಯಾನ್ ಕೆಳಗೆ ಹಗ್ಗ ಕಟ್ಟಿದರೂ ಒಣಗಲಿಲ್ಲ. ಅಮ್ಮ ಮತ್ತು ಅತ್ತೆ ಹಾಲ್‌ನಲ್ಲಿ ಎದುರುಬದುರು ಕೂತು ಅಪ್ಪನ ಪಂಚೆ ಹರಿದು, ಅಂಚು ಹೊಲಿಯದೇ ಇಪ್ಪತ್ತು ತುಂಡು ಮಾಡಿದರು. ಹೊಲಿಯದವು ಬೇಗ ಒಣಗಿದವು! ಒಂದೇ ಪದರ ಮಾಡಿ ಬೇಕಾದಾಗ ಎರಡು ಸೇರಿಸಿ ಮಡಿಸುವುದು ಒಳ್ಳೇದು ಅಂತ ಈಗ ಅನಿಸುತ್ತದೆ. ನಲವತ್ತು ಇಟ್ಟುಕೊಳ್ಳಿ.

ಸ್ವೆಟರ್ ನಾಲ್ಕೇ ಸಲ ಹಾಕಿದ್ದು. ಹತ್ತಿ ಟೋಪಿಗಳನ್ನು ಹೊರಗೆ ಹೋಗುವಾಗ ಹಾಕಿ ಹಾಕಿ ಬಣ್ಣ ಮಾಸಿದೆ. ಉಲ್ಲನ್ ಟೋಪಿ, ಸ್ವೆಟರನ್ನು ಅಂಟುವಾಳಕಾಯಿ ನೊರೆಯಲ್ಲಿ ಒಗೆದು, ಹಿಂಡದೆ ಟವೆಲ್ ಮೇಲೆ ಹರಡಿ ನೆರಳಲ್ಲಿ ಒಣಗಿಸುತ್ತೇನೆ. ಮೊದಲು ಹೆಣೆದ ಆ ದೊಡ್ಡ ಟೋಪಿಯನ್ನು ಬಿಚ್ಚಲಿಲ್ಲ. ಬರುವ ಡಿಸೆಂಬರ್‌ಗೆ ಅವಳಿಗೆ ಸರಿಯಾಗುತ್ತದೆ.

ತಾತನ ಎರಡನೇ ಪಂಚೆಯಲ್ಲಿ ಇನ್ನೂ ಒಂದೂಕಾಲು ಮೀಟರ್ ಉಳಿದಿದೆ. ಈಗ ಮತ್ತೆ ಮಷಿನ್ ಮುಂದೆ ಕೂರುತ್ತಿದ್ದೇನೆ. ಅವಳು ಮಲಗಿದಾಗ ತುಳಿದರೆ ಶಬ್ದಕ್ಕೆ ಏಳುತ್ತಾಳೆ, ಅದಕ್ಕೆ ಎದ್ದಿರುವಾಗಲೇ ಕೌದಿಯನ್ನು ಮಷಿನ್ ಪಕ್ಕ ಹಾಸಿ ಬಿಡುತ್ತೇನೆ. ಚಕ್ರ ತಿರುಗುವುದನ್ನೇ ನೋಡುತ್ತಾ ಮಲಗಿರುತ್ತಾಳೆ.